ಮನೆಯ ಫೋನೂ ಮಕ್ಕಳ ಲೆಕ್ಕವೂ



ಹೋದ ಮಳೆಗಾಲದಲ್ಲಿ ಒಂದು ಲೈನು ಮನೆಯಲ್ಲಿ ಸಂಜೆಯ ಪ್ರಾರ್ಥನೆ ಮುಗಿಸಿ ಏಳುತ್ತಿದ್ದೆವು. ಆ ಮನೆಯ ತಾಯಿ ನಮ್ಮನ್ನು ತಡೆದು ಒಂದು ಚೀಟಿ ತೋರಿಸಿದರು. ಆ ದಿನ ಸೊಪ್ಪು ತೂಗಿದಾಗ ಯಂತ್ರದ ಮೇಲೆ 37.40 ಎಂದು ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಚೀಟಿಯಲ್ಲಿ 37.04 ಎಂದು ಬರೆದಿತ್ತು. “ಎರಡೂ ಒಂದೇ ಅಲ್ಲವಾ ಅಣ್ಣಾ? ಅದೇ ನಾಲ್ಕು, ಅದೇ ಸೊನ್ನೆ, ಜಾಗ ಮಾತ್ರ ಬೇರೆ” ಎಂದು ಕೇಳಿದರು. ಎಂಟನೇ ತರಗತಿಯಲ್ಲಿ ಓದುವ ಮಗಳು ಅಲ್ಲೇ ಬಾಗಿಲ ಬಳಿ ನಿಂತಿದ್ದಳು. ನಾವು ಚೀಟಿಯನ್ನು ಅವಳ ಕೈಗೆ ಕೊಟ್ಟೆವು. ನೋಡಿದಳು, ತಲೆ ತಗ್ಗಿಸಿದಳು, “ನನಗೆ ದಶಮಾಂಶ ಬರಲ್ಲ” ಎಂದು ಹೇಳಿ ಒಳಗೆ ಹೋಗಿಬಿಟ್ಟಳು.

37.40 ಎಂದರೆ 37 ಕಿಲೋ 400 ಗ್ರಾಂ. 37.04 ಎಂದರೆ 37 ಕಿಲೋ 40 ಗ್ರಾಂ. ವ್ಯತ್ಯಾಸ 360 ಗ್ರಾಂ. ಬರೆದವರು ಬೇಕೆಂದೇ ಹಾಗೆ ಬರೆದರೆಂದು ನಾವು ಹೇಳುವುದಿಲ್ಲ. ಮಳೆಯಲ್ಲಿ ನೆನೆಯುತ್ತಾ ನೂರು ಚೀಲ ತೂಗಿ ಬರೆಯುವ ಕೈ ಒಮ್ಮೆ ತಪ್ಪಬಹುದು. ಆದರೆ ಇದೇ ತಪ್ಪು ದಿನಕ್ಕೊಮ್ಮೆಯಂತೆ 25 ದಿನ ನಡೆದರೆ ತಿಂಗಳಿಗೆ 9 ಕಿಲೋ ಸೊಪ್ಪು ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಬೆನ್ನ ಮೇಲೆ ಹೊತ್ತು ತಂದ ಸೊಪ್ಪು ಅದು.

ಆ ರಾತ್ರಿ ನಮ್ಮನ್ನು ಹೆಚ್ಚು ಕಾಡಿದ್ದು ಚೀಟಿಯಲ್ಲ, ಆ ಹುಡುಗಿಯ ಮಾತು. ಅವಳು ದಡ್ಡಿಯಲ್ಲ. ಭಾನುವಾರದ ಶಾಲೆಯಲ್ಲಿ ಬೈಬಲಿನ ಪುಸ್ತಕಗಳ ಹೆಸರನ್ನು ಕ್ರಮ ತಪ್ಪದೆ ಹೇಳುವವಳು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಎರಡನೇ ತರಗತಿ ಮುಗಿಸುತ್ತಿದ್ದಳು. ಶಾಲೆ ಸರಿಯಾಗಿ ತೆರೆಯುವ ಹೊತ್ತಿಗೆ ನಾಲ್ಕಕ್ಕೆ ಬಂದಿದ್ದಳು. ನಡುವಿನಲ್ಲಿ ಕಲಿಯಬೇಕಾಗಿದ್ದ ಗುಣಾಕಾರ, ಭಾಗಾಕಾರ, ಸ್ಥಾನಬೆಲೆ ಯಾವುವೂ ನೆಲೆ ನಿಲ್ಲಲಿಲ್ಲ. ಆದರೂ ವರ್ಷ ವರ್ಷ ತರಗತಿ ಮಾತ್ರ ಏರುತ್ತಾ ಹೋಯಿತು. ಈಗ ಅವಳು “ಲೆಕ್ಕ ನನ್ನಿಂದಾಗದು, ಹತ್ತನೇ ತರಗತಿ ಪಾಸಾಗಲಾರೆ, ಅಮ್ಮನ ಜೊತೆ ಸೊಪ್ಪಿಗೆ ಹೋಗುತ್ತೇನೆ” ಎನ್ನುತ್ತಾಳಂತೆ. ಸೊಪ್ಪು ಕೊಯ್ಯುವುದು ಅವಮಾನದ ಕೆಲಸವಲ್ಲ; ನಮ್ಮ ಕೂಟವೇ ಆ ಕೈಗಳಿಂದ ನಡೆಯುತ್ತಿದೆ. ಬೇರೆ ದಾರಿ ಇಲ್ಲವೆಂಬ ಕಾರಣಕ್ಕೆ ಹದಿಮೂರು ವರ್ಷದ ಮಗು ಆ ಕೆಲಸವನ್ನು ಆರಿಸಿಕೊಳ್ಳಬಾರದು, ಅಷ್ಟೆ.

ಅವಳೊಬ್ಬಳ ಕಥೆಯಲ್ಲ ಇದು. ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕಲಿಕೆಯನ್ನು ನೋಡುವ ‘ಅಸರ್’ ಸಮೀಕ್ಷೆ 2024ರಲ್ಲಿ ಕಂಡಂತೆ, ಐದನೇ ತರಗತಿಯ ಮಕ್ಕಳಲ್ಲಿ ಮೂರು ಅಂಕೆಯ ಸಂಖ್ಯೆಯನ್ನು ಒಂದು ಅಂಕೆಯಿಂದ ಭಾಗಿಸಬಲ್ಲವರು ನೂರಕ್ಕೆ ಸುಮಾರು 31 ಮಂದಿ. ಉಳಿದವರು ಮುಂದಿನ ತರಗತಿಗಳಿಗೆ ಹೋಗುತ್ತಾರೆ, ಭಾಗಾಕಾರ ಹಿಂದೆಯೇ ಉಳಿಯುತ್ತದೆ.

ನಮ್ಮ ಮಕ್ಕಳಿಗೆ ಇದರ ಮೇಲೆ ಇನ್ನೊಂದು ಹೊರೆ ಇದೆ. ಗಡಿಯಾಚೆ ಬಂದು ನೆಲೆಸಿದವರು ನಾವು. ಮನೆಯಲ್ಲಿ, ಪ್ರಾರ್ಥನೆಯಲ್ಲಿ ಕನ್ನಡ. ಶಾಲೆಯಲ್ಲಿ ವಯನಾಡಿನ ಪಾಡಿಯ ಮಗುವಿಗೆ ಮಲಯಾಳ, ಗೂಡಲೂರಿನ ಕಡೆಯ ಮಗುವಿಗೆ ತಮಿಳು, ಎರಡೂ ಕಡೆ ಕೆಲವರಿಗೆ ಇಂಗ್ಲಿಷು. ಲೆಕ್ಕಕ್ಕೆ ಭಾಷೆಯ ಹಂಗಿಲ್ಲ ಎಂದು ದೊಡ್ಡವರು ಹೇಳುವುದುಂಟು. ಹಾಗೆ ಹೇಳುವವರು ನಮ್ಮ ಮಕ್ಕಳ ಪಕ್ಕ ಕುಳಿತು ನೋಡಿಲ್ಲ. ಮಲಯಾಳದ ತರಗತಿಯಲ್ಲಿ ಶೇಕಡಾ ಎಂಬುದಕ್ಕೆ ‘ಶತಮಾನಂ’ ಎನ್ನುತ್ತಾರೆ. ಕನ್ನಡದ ಕಿವಿಗೆ ಶತಮಾನವೆಂದರೆ ನೂರು ವರ್ಷ. “ಹತ್ತು ಶತಮಾನಂ ಪಲಿಶ” ಎಂದರೆ ನೂರಕ್ಕೆ ಹತ್ತು ಬಡ್ಡಿ ಎಂದು ತಿಳಿಯುವ ಮೊದಲೇ ನಮ್ಮ ಮಗು ಸಾವಿರ ವರ್ಷದ ಹಿಂದೆ ಹೋಗಿ ನಿಂತಿರುತ್ತದೆ! ಭಾಗಾಕಾರಕ್ಕೆ ಅಲ್ಲಿ ‘ಹರಣಂ’. ನಮಗೆ ಹರಣವೆಂದರೆ ಕದ್ದೊಯ್ಯುವುದು. ತಮಿಳಿನಲ್ಲೂ ಮಲಯಾಳದಲ್ಲೂ ತೊಂಬತ್ತಕ್ಕೆ ‘ತೊಣ್ಣೂರು’ ಎಂಬ ಹಾಗೆ ಕೇಳುತ್ತದೆ. ಕೊನೆಯಲ್ಲಿ ‘ನೂರು’ ಕೇಳಿಸಿದ್ದರಿಂದ ಮಗು ಮೂರು ಅಂಕೆ ಬರೆಯುತ್ತದೆ. ಒಂಬೈನೂರಕ್ಕೆ ‘ತೊಳ್ಳಾಯಿರಂ’; ಅದರಲ್ಲಿ ಸಾವಿರ ಕೇಳಿಸುತ್ತದೆ. ಮಗು ತಪ್ಪಿದ್ದು ಲೆಕ್ಕದಲ್ಲಲ್ಲ, ಮಾತಿನಲ್ಲಿ. ಗುರುಗಳ ಕಣ್ಣಿಗೆ ಮಾತ್ರ ಎರಡೂ ಒಂದೇ ಕೆಂಪು ಗೀಟು.

ಇಂಥ ಮಗುವಿಗೆ ಬೇಕಾದದ್ದು ಎರಡು. ತಾನು ಎಲ್ಲಿ ಎಡವಿದೆನೋ ಅಲ್ಲಿಗೆ, ಅದು ಮೂರನೇ ತರಗತಿಯ ಪಾಠವಾದರೂ ಸರಿ, ನಾಚಿಕೆಯಿಲ್ಲದೆ ಹಿಂದಕ್ಕೆ ಹೋಗಲು ಒಂದು ದಾರಿ. ಆ ಪಾಠವನ್ನು ಒಮ್ಮೆಯಾದರೂ ಮನೆಯ ಮಾತಿನಲ್ಲಿ ಕೇಳುವ ಅವಕಾಶ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಗುರುಗಳು ಎಷ್ಟೇ ಒಳ್ಳೆಯವರಾಗಿದ್ದರೂ ಇವೆರಡನ್ನೂ ಕೊಡುವುದು ಕಷ್ಟ. ಮನೆಯ ಮೂಲೆಯಲ್ಲಿ ಚಾರ್ಜಿಗೆ ಹಾಕಿಟ್ಟ ಫೋನು ಕೊಡಬಲ್ಲದು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಇದೇ ಪುಟದಲ್ಲಿ ನಾವು ಹಿಂದೊಮ್ಮೆ ಮಕ್ಕಳ ಕೈಗೆ ಫೋನು ಕೊಡಬೇಡಿರೆಂದು ಬರೆದಿದ್ದೆವು. ಆ ಮಾತು ಅರ್ಧ ಸರಿ. ಅದೇ ‘ಅಸರ್’ ಸಮೀಕ್ಷೆಯಲ್ಲಿ 14ರಿಂದ 16 ವಯಸ್ಸಿನ ಮಕ್ಕಳನ್ನು ಕೇಳಿದಾಗ, ಹಿಂದಿನ ಒಂದು ವಾರದಲ್ಲಿ ಓದಿನ ಕೆಲಸಕ್ಕೆ ಫೋನು ಹಿಡಿದವರು ನೂರಕ್ಕೆ 57, ಗೆಳೆಯರೊಡನೆ ಹರಟೆ ಚಿತ್ರಗಳ ಜಾಲತಾಣಕ್ಕೆ ಹಿಡಿದವರು 76. ನಮ್ಮ ಹೆದರಿಕೆ ಸುಳ್ಳಲ್ಲ. ಆದರೆ ಫೋನು ಬೇಡವೆಂದು ನಾವು ಹೇಳಿದ ಮೇಲೆ ಹುಡುಗರು ಬಿಟ್ಟರೆ? ಇಲ್ಲ. ಓದುವುದಕ್ಕೆ ಬಳಸಬಹುದಾಗಿದ್ದ ಹೆಣ್ಣುಮಕ್ಕಳ ಕೈಯಿಂದ ಮಾತ್ರ ಫೋನು ತಪ್ಪಿತು.

ಈಗ ಸಿಗುವುದೇನು ಎಂಬುದನ್ನು ಹೇಳುತ್ತೇವೆ. ಇವು ಯಾವುದಕ್ಕೂ ಶುಲ್ಕವಿಲ್ಲ.

ಮೊದಲನೆಯದು ಮಗುವಿನ ಪಾಠಪುಸ್ತಕದಲ್ಲೇ ಇದೆ. ಪಾಠದ ಬದಿಯಲ್ಲಿ ಕಪ್ಪು ಬಿಳುಪು ಚುಕ್ಕೆಗಳ ಒಂದು ಚೌಕ ಅಚ್ಚಾಗಿರುವುದನ್ನು ನೋಡಿರುತ್ತೀರಿ. ಅಂಗಡಿಯಲ್ಲಿ ಹಣ ಕಳುಹಿಸಲು ಫೋನು ತೋರಿಸುತ್ತೀರಲ್ಲ, ಅಂಥದ್ದೇ. ಅದಕ್ಕೆ ಫೋನು ಹಿಡಿದರೆ ಆ ಪಾಠದ ಚಿತ್ರ, ವಿವರಣೆ, ಅಭ್ಯಾಸ ತೆರೆಯುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ದೀಕ್ಷಾ’ ಎಂಬ ವ್ಯವಸ್ಥೆಯಲ್ಲಿ ಯಾವ ರಾಜ್ಯ, ಯಾವ ಮಾಧ್ಯಮ, ಯಾವ ತರಗತಿ ಎಂದು ಆರಿಸಿಕೊಳ್ಳಬಹುದು. ನಮ್ಮವರಿಗೆ ಉಪಯೋಗ ಇಲ್ಲೇ ಇದೆ. ತಮಿಳು ಮಾಧ್ಯಮದ ಮಗು ಕರ್ನಾಟಕ, ಕನ್ನಡ, ನಾಲ್ಕನೇ ತರಗತಿ ಎಂದು ಒತ್ತಿ ಭಿನ್ನರಾಶಿಯ ಪಾಠವನ್ನು ಕನ್ನಡದಲ್ಲಿ ಕೇಳಿ, ಬಳಿಕ ತನ್ನ ಪುಸ್ತಕಕ್ಕೆ ಮರಳಬಹುದು. ಒಮ್ಮೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ನೋಡಬಹುದು. ಕೇರಳ ಸರ್ಕಾರ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, 2020ರ ಜೂನ್ 1ರಿಂದ, ‘ಫಸ್ಟ್ ಬೆಲ್’ ಎಂಬ ಪಾಠಗಳನ್ನು ಟೆಲಿವಿಷನ್ನಿನಲ್ಲಿ ನಡೆಸಿತು. ಕಾಸರಗೋಡಿನ ಕನ್ನಡ ಮಕ್ಕಳಿಗಾಗಿ ಕನ್ನಡದಲ್ಲೂ ಪಾಠಗಳಾದವು. ಕೇರಳದ ಅದೇ ಪಠ್ಯ, ನಮ್ಮ ಮಾತಿನಲ್ಲಿ. ವಯನಾಡಿನ ಮಗುವಿಗೆ ಇದಕ್ಕಿಂತ ಹತ್ತಿರದ್ದು ಇನ್ನೇನು ಬೇಕು?

ಚಿಕ್ಕ ಮಕ್ಕಳಿಗೆ ಬೆಂಗಳೂರಿನ ಅಕ್ಷರ ಫೌಂಡೇಷನ್ನಿನವರು ಮಾಡಿದ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಲೆಕ್ಕದ ಆಟಗಳಿವೆ. ಕನ್ನಡದಲ್ಲೂ ಇವೆ, ಕಡಿಮೆ ಬೆಲೆಯ ಫೋನಿನಲ್ಲೂ ನಡೆಯುತ್ತವೆ.

ಇನ್ನೊಂದರ ಹುಟ್ಟಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ. 2004ರಲ್ಲಿ ಅಮೇರಿಕದ ಬಾಸ್ಟನ್ನಿನಲ್ಲಿ ಕೆಲಸದಲ್ಲಿದ್ದ ಸಲ್ಮಾನ್ ಖಾನ್ ಎಂಬ ತರುಣನಿಗೆ (ಸಿನಿಮಾದವರಲ್ಲ) ದೂರದ ನ್ಯೂ ಆರ್ಲಿಯನ್ಸಿನಲ್ಲಿದ್ದ ಬಂಧುವಿನ ಹುಡುಗಿಯೊಬ್ಬಳು ಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆಂದು ತಿಳಿಯಿತು. ಅವಳನ್ನು ಶಾಲೆಯಲ್ಲಿ ಕೆಳಗಿನ ಗುಂಪಿಗೆ ಹಾಕಿದ್ದರು. ಆತ ಕೆಲಸ ಮುಗಿಸಿ ಬಂದ ಮೇಲೆ ಟೆಲಿಫೋನಿನಲ್ಲಿ ಅವಳಿಗೆ ಪಾಠ ಹೇಳತೊಡಗಿದ. ಅವಳು ಸಿಕ್ಕಿಬಿದ್ದಿದ್ದು ಎಲ್ಲಿ ಗೊತ್ತೆ? ಒಂದು ಅಳತೆಯನ್ನು ಇನ್ನೊಂದು ಅಳತೆಗೆ ಪರಿವರ್ತಿಸುವ ಲೆಕ್ಕದಲ್ಲಿ. ಕಿಲೋವನ್ನು ಗ್ರಾಮು ಮಾಡುವ ಹಾಗಿನ ಲೆಕ್ಕ ಎನ್ನಿ, ನಮ್ಮ ಚೀಟಿಯ ಲೆಕ್ಕವೇ. ಆ ಒಂದು ಗಂಟು ಬಿಚ್ಚಿದ ಮೇಲೆ ಅವಳು ಮುಂದಕ್ಕೆ ಓಡಿದಳು. ಉಳಿದ ಬಂಧುಗಳ ಮಕ್ಕಳೂ ಕೇಳಿದರು. ಎಲ್ಲರಿಗೂ ಫೋನು ಮಾಡಲಾಗದೆ 2006ರಿಂದ ಆತ ಪಾಠಗಳನ್ನು ಚಿತ್ರೀಕರಿಸಿ ಯೂಟ್ಯೂಬಿನಲ್ಲಿ ಹಾಕಿದ. 2008ರಲ್ಲಿ ಅದು ಲಾಭಕ್ಕಲ್ಲದ ಸಂಸ್ಥೆಯಾಯಿತು. ಇಂದು ಆ ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲಿಯೂ ಇವೆ. ಮಗು ಉತ್ತರ ತಪ್ಪಿದರೆ ಅದು ಗದರಿಸುವುದಿಲ್ಲ, ಸುಳಿವು ಕೊಡುತ್ತದೆ. ಹತ್ತು ಬಾರಿ ಕೇಳಿದರೂ ಬೇಸರಪಡುವುದಿಲ್ಲ. ಎಂಟನೇ ತರಗತಿಯವಳು ಮೂರನೇ ತರಗತಿಯ ಪಾಠ ತೆರೆದರೆ ಪಕ್ಕದ ಬೆಂಚಿನವರು ನಗುವುದಿಲ್ಲ.

ಆದರೆ ಈ ಕಥೆಯಲ್ಲಿ ಮೊದಲು ಬಂದದ್ದು ಯಂತ್ರವಲ್ಲ ಎಂಬುದನ್ನು ಗಮನಿಸಿರಿ. ಮೊದಲು ಬಂದದ್ದು, ದಿನದ ದುಡಿಮೆ ಮುಗಿಸಿ ಬಂದ ಮೇಲೂ “ನಿನಗೆ ಎಲ್ಲಿ ಅರ್ಥವಾಗಲಿಲ್ಲ, ಹೇಳು” ಎಂದು ಕೇಳಿದ ಒಬ್ಬ ಅಣ್ಣ.

ನಮ್ಮಲ್ಲಿ ಕೆಲವರು ಇದನ್ನು ಹಣ ಕೊಟ್ಟು ಕೊಳ್ಳಲು ಹೋಗಿ ಕೈ ಸುಟ್ಟುಕೊಂಡಿದ್ದಾರೆ. ಒಂದು ಪಾಡಿಗೆ ಟೈ ಕಟ್ಟಿದ ಏಜೆಂಟನೊಬ್ಬ ಬಂದು, ನಿಮ್ಮ ಮಗನನ್ನು ಇಂಜಿನಿಯರ್ ಮಾಡುತ್ತೇವೆಂದು ಹೇಳಿ ಒಂದು ಟ್ಯಾಬ್ಲೆಟ್ಟನ್ನೂ ಪಾಠಗಳನ್ನೂ ಕಂತಿನ ಮೇಲೆ ಕೊಟ್ಟುಹೋದ. ತಿಂಗಳಿಗೆ 1,500 ರೂಪಾಯಿ ಮಾತ್ರ ಎಂದನಂತೆ. ಎಷ್ಟು ತಿಂಗಳು ಎಂದು ಆ ತಂದೆ ಕೇಳಲಿಲ್ಲ. 24 ತಿಂಗಳು, ಒಟ್ಟು 36,000. ಸಹಿ ಹಾಕಿದ ಕಾಗದ ಸಾಲದ ಕಾಗದವೆಂದು ತಿಳಿದದ್ದು ಬ್ಯಾಂಕಿನಿಂದ ಹಣ ಕಡಿತವಾದಾಗ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೂರನೇ ತಿಂಗಳಿಗೆ ಮಗ ಅದನ್ನು ತೆರೆಯುವುದನ್ನು ಬಿಟ್ಟ. ಕಂತು ಮಾತ್ರ ನಿಲ್ಲಲಿಲ್ಲ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚು ಎಣಿಸುವುದಿಲ್ಲವೆ ಎಂದು ನಮ್ಮ ಸ್ವಾಮಿ ಕೇಳಿದ್ದನ್ನು ಲೂಕನು ಬರೆದಿಟ್ಟಿದ್ದಾನೆ. ಆದರೆ ಎಣಿಸಲು ಬಾರದವನು ಕುಳಿತುಕೊಂಡು ತಾನೇ ಏನು ಮಾಡಿಯಾನು? ಆ ತಂದೆಯನ್ನು ನಾವು ದೂರುವುದಿಲ್ಲ. ಮಗ ಓದಲೆಂದು ಮಾಡಿದ ಸಾಲ ಅದು. ಸರ್ಕಾರವೂ ಸೇವಾಸಂಸ್ಥೆಗಳೂ ಉಚಿತವಾಗಿ ಇಟ್ಟಿರುವುದನ್ನು ಮೊದಲು ಬಳಸಿ ನೋಡಿ. ಮನೆ ಬಾಗಿಲಿಗೆ ಬಂದು ಸಹಿ ಕೇಳುವವರಿಗೆ “ಮುಂದಿನ ವಾರ ಬನ್ನಿ” ಎನ್ನಿರಿ. ಅಷ್ಟರಲ್ಲಿ ಕಾಗದವನ್ನು ಕೂಟದಲ್ಲಿ ಯಾರಿಗಾದರೂ ತೋರಿಸಿರಿ.

ಉಚಿತವಾದದ್ದರಿಂದಲೂ ತಾನಾಗಿ ಏನೂ ಆಗುವುದಿಲ್ಲ. ಮಗು ಪಾಠದ ಚಿತ್ರ ನೋಡುತ್ತದೆ, ತಲೆಯಾಡಿಸುತ್ತದೆ, ಎಲ್ಲ ತಿಳಿಯಿತೆಂದು ಎದ್ದುಹೋಗುತ್ತದೆ. ಸ್ಲೇಟು ಕೊಟ್ಟು ಒಂದು ಲೆಕ್ಕ ಮಾಡು ಎಂದರೆ ಕೈ ಓಡುವುದಿಲ್ಲ. ಬೇರೆಯವರು ಸೊಪ್ಪು ಕೊಯ್ಯುವುದನ್ನು ಬದಿಯಲ್ಲಿ ನಿಂತು ನೋಡಿದವರಿಗೆ ಕೊಯ್ಯಲು ಬರುತ್ತದೆಯೆ? ಹತ್ತು ನಿಮಿಷ ನೋಡಿದರೆ ಇಪ್ಪತ್ತು ನಿಮಿಷ ಬರೆಯಬೇಕು. ಆಗ ಯಾರಾದರೂ ಪಕ್ಕದಲ್ಲಿರಬೇಕು. ಪಕ್ಕದಲ್ಲಿರುವವರಿಗೆ ಲೆಕ್ಕ ಬರಲೇಬೇಕೆಂದಿಲ್ಲ. “ಇದನ್ನು ಹೇಗೆ ಮಾಡಿದೆ, ನನಗೂ ಹೇಳು” ಎಂದು ತಾಯಿ ಕೇಳಿದರೆ ಸಾಕು, ಹೇಳಲು ಹೋಗಿ ಮಗು ತನ್ನ ತಪ್ಪನ್ನು ತಾನೇ ಕಾಣುತ್ತದೆ. ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಲ್ಲಿರುವ ಅಜ್ಜಿ ಮನೆಯಲ್ಲಿದ್ದರಂತೂ ಭಿನ್ನರಾಶಿಗೆ ಯಾವ ಯಂತ್ರವೂ ಬೇಡ.

ದೊಡ್ಡ ಫೋನಿಲ್ಲದ ಮನೆಗಳು ಎದೆಗುಂದಬೇಕಾಗಿಲ್ಲ. 2020ರಲ್ಲಿ ಆಫ್ರಿಕದ ಬೋಟ್ಸ್ವಾನಾ ದೇಶದಲ್ಲಿ ಶಾಲೆಗಳು ಮುಚ್ಚಿದ್ದಾಗ ಸುಮಾರು 4,500 ಮನೆಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕಗಳನ್ನು ಬರಿಯ ಸಂದೇಶವಾಗಿ ಕಳುಹಿಸಿದರು. ಇನ್ನು ಕೆಲವಕ್ಕೆ ಸಂದೇಶದ ಜೊತೆ ಗುರುಗಳೊಬ್ಬರು ಇಪ್ಪತ್ತು ನಿಮಿಷ ಸಾಧಾರಣ ಫೋನಿನಲ್ಲಿ ಮಗುವಿನೊಡನೆಯೂ ಹೆತ್ತವರೊಡನೆಯೂ ಮಾತಾಡಿದರು. ಮಾತಾಡಿದ ಮನೆಗಳ ಮಕ್ಕಳು ಲೆಕ್ಕದಲ್ಲಿ ಮುಂದಾದರು. ಬರಿಯ ಸಂದೇಶದಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ತಮಿಳುನಾಡಿನಲ್ಲಿ 2021ರಲ್ಲಿ ‘ಇಲ್ಲಂ ತೇಡಿ ಕಲ್ವಿ’ ಎಂದು, ಅಂದರೆ ಮನೆ ಹುಡುಕಿ ಬರುವ ವಿದ್ಯೆ ಎಂದು, ಸ್ವಯಂಸೇವಕರು ಸಂಜೆ ಹೊತ್ತು ಕೇರಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದ್ದು ನಿಮಗೆ ನೆನಪಿರಬಹುದು. ಶಾಲೆ ಮುಚ್ಚಿದ್ದಾಗ ಕಳೆದುಹೋದ ಕಲಿಕೆಯಲ್ಲಿ ಮೂರರಲ್ಲಿ ಎರಡು ಪಾಲು ಶಾಲೆ ತೆರೆದ ಆರು ತಿಂಗಳಲ್ಲಿ ಮರಳಿತೆಂದೂ, ಮರಳಿದ್ದರಲ್ಲಿ ಸುಮಾರು ಕಾಲುಪಾಲು ಆ ಸಂಜೆ ಕೂಟಗಳಿಂದ ಬಂತೆಂದೂ ಅದನ್ನು ಅಳೆದು ನೋಡಿದ ಅರ್ಥಶಾಸ್ತ್ರಜ್ಞರು ಬರೆದಿದ್ದಾರೆ. ಕಲಿಸಿದವರು ದೊಡ್ಡ ಪಂಡಿತರಲ್ಲ, ಪಕ್ಕದ ಬೀದಿಯ ಅಕ್ಕಂದಿರು.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತು, ಕೆಲವರಿಗೆ ಕಹಿಯಾದರೂ ಹೇಳುತ್ತೇವೆ. ಫೋನು ಬಳಸಲು ಬಲ್ಲ ಆ 14ರಿಂದ 16ರ ಮಕ್ಕಳಲ್ಲಿ ಸ್ವಂತ ಫೋನಿರುವ ಹುಡುಗರು ನೂರಕ್ಕೆ 36, ಹುಡುಗಿಯರು 27. ನಮ್ಮ ಲೈನುಗಳಲ್ಲಿ ನಡೆಯುವುದೂ ಹಾಗೆಯೇ. ಸಂಜೆ ಅಣ್ಣ ಫೋನು ಹಿಡಿದು ಜಗಲಿಯಲ್ಲಿ ಕೂರುತ್ತಾನೆ, ತಂಗಿ ನೀರು ಹೊರುತ್ತಾಳೆ, ಸೌದೆ ಒಟ್ಟುತ್ತಾಳೆ, ತಮ್ಮನನ್ನು ನೋಡಿಕೊಳ್ಳುತ್ತಾಳೆ. ಎಂಟು ಗಂಟೆಗೆ ಅವಳ ಸರದಿ ಬರುವಾಗ ಚಾರ್ಜು ಮುಗಿದಿರುತ್ತದೆ. ತಂದೆಯಾದವರು ಗಡಿಯಾರ ನೋಡಿ ಪಾಲು ಮಾಡಬೇಕಾದ ವಿಷಯ ಇದು.

ಹಿರಿಯರೂ ಇದರಲ್ಲಿ ಸೇರಬೇಕೆಂದು ನಮ್ಮ ಆಸೆ. ಲೆಕ್ಕವೆಂದರೆ ಮಕ್ಕಳ ಪರೀಕ್ಷೆಯೊಂದೇ ಅಲ್ಲ. ಬೋನಸ್ಸಿನ ಕನಿಷ್ಠ ದರ ಶೇಕಡಾ 8.33 ಎಂದು ಪ್ರತಿ ವರ್ಷ ಕೇಳುತ್ತೇವೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ನೂರನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಲೆಕ್ಕಕ್ಕೆ ಹಿಡಿಯುವ ಸಂಬಳದಲ್ಲಿ ವರ್ಷಕ್ಕೆ ಒಂದು ತಿಂಗಳ ಪಾಲು ಎಂದು ಅರ್ಥ. ಗ್ರಾಚ್ಯುಯಿಟಿ ಹಾಗೆಯೇ: ತಿಂಗಳನ್ನು 26 ದಿನವೆಂದು ಹಿಡಿದು, ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. ಕೊನೆಯ ತಿಂಗಳ ಸಂಬಳ 10,400 ರೂಪಾಯಿ ಎಂದಿಟ್ಟುಕೊಳ್ಳೋಣ. 26ರಿಂದ ಭಾಗಿಸಿದರೆ ದಿನಕ್ಕೆ 400. ಹದಿನೈದು ದಿನಕ್ಕೆ 6,000. ಇಪ್ಪತ್ತು ವರ್ಷ ದುಡಿದವರಿಗೆ 1,20,000. ಒಂದು ಭಾಗಾಕಾರ, ಎರಡು ಗುಣಾಕಾರ. ಐದನೇ ತರಗತಿಯ ಲೆಕ್ಕ. ಯಾರೋ ತಿಳಿಯದೆ 26ರ ಬದಲು 30ರಿಂದ ಭಾಗಿಸಿದರೆ ಅದೇ ಮೊತ್ತ 1,04,000 ಆಗುತ್ತದೆ. ಹದಿನಾರು ಸಾವಿರ ಅಲ್ಲಿ ಕರಗಿತು. ಇನ್ನು ಕೈಸಾಲದವರು ನೂರಕ್ಕೆ ಐದು ಎಂದಾಗ ಅದು ತಿಂಗಳಿಗೆ ಐದು, ವರ್ಷಕ್ಕೆ ಅರುವತ್ತು. ಹತ್ತು ಸಾವಿರ ತಂದವರು ಬಡ್ಡಿಯೊಂದಕ್ಕೇ ವರ್ಷದಲ್ಲಿ ಆರು ಸಾವಿರ ಕಟ್ಟಿ, ಅಸಲನ್ನು ಹಾಗೆಯೇ ಇಟ್ಟುಕೊಂಡಿರುತ್ತಾರೆ. ಶೇಕಡಾ ಪಾಠವನ್ನು ಮಗ ಫೋನಿನಲ್ಲಿ ನೋಡುವಾಗ ತಂದೆಯೂ ಪಕ್ಕದಲ್ಲಿ ಕೂರಲು ಇಷ್ಟು ಕಾರಣ ಸಾಲದೆ?

ಚೀಟಿಯ ಮನೆಯ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ಕೂಟದ ಒಬ್ಬ ಅಕ್ಕ ವಾರಕ್ಕೆ ಎರಡು ಸಂಜೆ ಅವಳ ಬಳಿ ಹೋಗಿ ಕುಳಿತರು. ದಶಮಾಂಶದಿಂದ ತೊಡಗಿದರೆ ನಡೆಯಲಿಲ್ಲ. ಹಿಂದೆ ಹಿಂದೆ ಹೋಗುತ್ತಾ ಬಿಡಿ, ಹತ್ತು, ನೂರರ ಸ್ಥಾನಬೆಲೆಗೆ ಬಂದು ನಿಂತರು. ಗಂಟು ಇದ್ದದ್ದು ಅಲ್ಲಿ. ಕನ್ನಡದ ಪಾಠವನ್ನು ಮೂರು ನಾಲ್ಕು ಸಲ ನೋಡಿ, ಹುಣಸೆ ಬೀಜವನ್ನು ಹತ್ತು ಹತ್ತಾಗಿ ಗುಡ್ಡೆ ಹಾಕಿ, ಆರನೇ ವಾರಕ್ಕೆ ತಾಯಿಯ ಹಳೆಯ ಚೀಟಿಗಳನ್ನೆಲ್ಲ ಕೆಳಗೆ ಹರಡಿಕೊಂಡು ಕಿಲೋ ಗ್ರಾಂ ಓದಿದಳಂತೆ. ಈಗ ತಾಯಿ ತೂಕವಾದೊಡನೆ ಅಂಕೆಯನ್ನು ಅಂಗೈಯಲ್ಲಿ ಬರೆದುಕೊಂಡು ಬರುತ್ತಾರೆ, ಮಗಳು ಚೀಟಿಯೊಡನೆ ಹೋಲಿಸುತ್ತಾಳೆ. ಒಮ್ಮೆ ತಪ್ಪು ಸಿಕ್ಕಿತು. ಮರುದಿನ ಕೇಳಿದಾಗ ಜಗಳವಿಲ್ಲದೆ ತಿದ್ದಿಕೊಟ್ಟರು. ಬೀಜಗಣಿತ ಅವಳಿಗೆ ಇನ್ನೂ ಬರುವುದಿಲ್ಲ. ಶಾಲೆ ಬಿಡುವ ಮಾತನ್ನು ಪೂರ್ತಿ ಬಿಟ್ಟಿದ್ದಾಳೆಂದೂ ಹೇಳಲಾರೆವು.

ಬರುವ ತಿಂಗಳ ಮೊದಲ ಬುಧವಾರದಿಂದ ಭಾನುವಾರದ ಶಾಲೆಯ ಕೋಣೆಯನ್ನು ಬುಧವಾರ, ಶುಕ್ರವಾರ ಸಂಜೆ ಆರೂವರೆಯಿಂದ ಎಂಟರವರೆಗೆ ತೆರೆದಿಡಲು ಕೂಟ ಒಪ್ಪಿದೆ. ಯಾವ ಸಭೆಯವರು, ಯಾವ ಮತದವರು ಎಂಬ ಭೇದವಿಲ್ಲ. ಪಾಠಗಳನ್ನು ಪೇಟೆಯಲ್ಲಿ ಇಳಿಸಿಕೊಂಡು ಎರಡು ಫೋನುಗಳಲ್ಲಿ ತುಂಬಿಡುತ್ತೇವೆ. ಸಿಗ್ನಲ್ಲಿಗೆ ಗುಡ್ಡ ಹತ್ತಬೇಕಾಗಿಲ್ಲ. ಹತ್ತನೇ ತರಗತಿ ದಾಟಿದ ತರುಣ ತರುಣಿಯರು ನಾಲ್ಕು ಮಂದಿಯಾದರೂ ಬೇಕು. ಹೆಸರನ್ನು ಈ ಭಾನುವಾರವೇ ಕೊಡಿ. ಮಕ್ಕಳು ಸ್ಲೇಟು ಅಥವಾ ಹಳೆಯ ನೋಟುಪುಸ್ತಕ ತರಲಿ. ದೊಡ್ಡವರು ಈ ತಿಂಗಳ ಸಂಬಳದ ಚೀಟಿ ತನ್ನಿ.